ಠರಾವಿನ ಷರತ್ತುಗಳು: ರೋಣ, ನರಗುಂದ, ಗಜೇಂದ್ರಗಡದ ಪಂಚಾಯಿತಿಗಳು ಮತ್ತು ಮಹಿಳಾ ಒಕ್ಕೂಟಗಳು

ಸ್ಥಳೀಯ ಸರ್ಕಾರಗಳು ಸೇವಾಸಂಸ್ಥೆಗಳಿಗೆ ಹಣ ಕೊಡುವ ಬಗೆ ಕುರಿತ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತವೆ: ಕೈಯೊಡ್ಡಿದ ಹಲವರಲ್ಲಿ ಯಾರಿಗೆ ಸಿಕ್ಕಿತು, ಏಕೆ ಸಿಕ್ಕಿತು? ಸರ್ಕಾರದ ಕೊರತೆಯನ್ನು ಸೇವಾಸಂಸ್ಥೆಯೂ ಸೇವಾಸಂಸ್ಥೆಯ ಕೊರತೆಯನ್ನು ಸರ್ಕಾರವೂ ತುಂಬುತ್ತವೆ ಎಂದು ಲೆಸ್ಟರ್ ಸಾಲಮನ್ 1987ರಲ್ಲಿ ವಾದಿಸಿದರು. ಅಮೆರಿಕದ ನಗರಾಡಳಿತಗಳು 1974ರ ಕಾನೂನಿನಡಿ ಬರುವ ಸಮುದಾಯ ಅಭಿವೃದ್ಧಿ ಅನುದಾನದಲ್ಲಿ ಶೇ. 15ರ ಮಿತಿಯೊಳಗೆ ಸಾರ್ವಜನಿಕ ಸೇವೆಗಳಿಗೆ ಹಣ ಹಂಚುವ ಕ್ರಮ ಈ ವಾದಕ್ಕೆ ಒಗ್ಗುತ್ತದೆ. ಕರ್ನಾಟಕದ ಮಟ್ಟಿಗೆ ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮ್ಯಾನರ್ 1998ರ ಗ್ರಂಥದಲ್ಲಿ, 1987ರಲ್ಲಿ ಚುನಾವಣೆ ಕಂಡ ಜಿಲ್ಲಾ ಪರಿಷತ್ತುಗಳು ಜನರಿಗೆ ಹೆಚ್ಚು ಸ್ಪಂದಿಸಿದವು, ಆದರೆ ಕಡುಬಡವರಿಗೆ ದಕ್ಕಿದ್ದು ಕಡಿಮೆ ಎಂದು ತೋರಿಸಿದರು. ಇವುಗಳಲ್ಲಿ ನನಗೆ ತಕರಾರಿಲ್ಲ.

ತಕರಾರಿರುವುದು ಟಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಅವರ 2012ರ ಪ್ರಬಂಧದ ಬಗ್ಗೆ; ಅದರ ಫಲಿತಾಂಶದ ಬಗ್ಗೆ ಅಲ್ಲ, ಅದನ್ನು ಎಲ್ಲಿಯವರೆಗೆ ಚಾಚಬಹುದು ಎಂಬುದರ ಬಗ್ಗೆ. ಪಂಚಾಯಿತಿ ಅಧ್ಯಕ್ಷರ ಊರು ಮತ್ತು ಸಮುದಾಯ ಯಾವುದೆಂಬುದು ಸಾರ್ವಜನಿಕ ಸಂಪನ್ಮೂಲದ ಹಂಚಿಕೆಯನ್ನು ಬದಲಿಸುತ್ತದೆ ಎಂದು ಅವರು ದಕ್ಷಿಣ ಭಾರತದ ಹಳ್ಳಿಗಳ ಅಂಕಿಅಂಶದಿಂದ ತೋರಿಸಿದ್ದಾರೆ. ರಸ್ತೆ, ಗಟಾರ, ಮನೆಯ ವಿಷಯದಲ್ಲಿ ಇದು ನಿಜ. ಪಡೆಯುವವರು ಸಂಘಟನೆಯಾಗಿದ್ದಾಗಲೂ ಇದೇ ಅಳತೆಗೋಲು ನಡೆಯುತ್ತದೆಯೇ?

ಪಟ್ಟಣಗಳ ಮಾತನ್ನು ಬೇಗ ಮುಗಿಸಬಹುದು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಗಳು. 1964ರ ಪುರಸಭೆಗಳ ಕಾಯ್ದೆಯ 87ನೇ ಪ್ರಕರಣ ಕಡ್ಡಾಯ ಕರ್ತವ್ಯಗಳನ್ನೂ 91ನೆಯದು ವಿವೇಚನೆಗೆ ಬಿಟ್ಟ ಕೆಲಸಗಳನ್ನೂ ಹೇಳುತ್ತದೆ. ಸೇವಾಸಂಸ್ಥೆಗೆ ಜಾಗ ಸಿಗುವುದಿದ್ದರೆ ಹೆಚ್ಚಾಗಿ ಈ ಎರಡನೆಯದರಲ್ಲಿ. ನಿಧಿಯಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎಂದು ಮೀಸಲಿದ್ದು, ಇವು ಬಹುಪಾಲು ವ್ಯಕ್ತಿ-ಫಲಾನುಭವಿಗಳಿಗೆ ಹೋಗುತ್ತವೆ. ಕೆಲಸ ವಹಿಸಿಕೊಡುವುದಿದ್ದರೆ 1999ರ ಪಾರದರ್ಶಕತೆ ಕಾಯ್ದೆಯ ಟೆಂಡರ್ ನಿಯಮ ಅಡ್ಡ ನಿಲ್ಲುತ್ತದೆ.

ಹಳ್ಳಿಗಳ ಕಥೆ ಬೇರೆ, ಹೆಚ್ಚು ಫಲವತ್ತಾದದ್ದು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯನ್ನು ಕರ್ನಾಟಕದಲ್ಲಿ ‘ಸಂಜೀವಿನಿ’ ನಡೆಸುತ್ತದೆ. ಸ್ವಸಹಾಯ ಸಂಘಗಳು ಸೇರಿ ವಾರ್ಡ್ ಮಟ್ಟದ ಒಕ್ಕೂಟ, ಅವು ಸೇರಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ. ಘನತ್ಯಾಜ್ಯ ನಿರ್ವಹಣೆಯನ್ನು ಈ ಒಕ್ಕೂಟಕ್ಕೆ ವಹಿಸಿ ಪಂಚಾಯಿತಿ ಒಡಂಬಡಿಕೆ ಮಾಡಿಕೊಳ್ಳುತ್ತದೆ. ‘ಸ್ವಚ್ಛವಾಹಿನಿ’ ಗಾಡಿ ಓಡಿಸುವುದು, ‘ಸ್ವಚ್ಛ ಸಂಕೀರ್ಣ’ದಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಮಹಿಳೆಯರ ಕೆಲಸ.

ಇಲ್ಲಿ ಒಂದು ಸರಳ ಸಂಗತಿಯನ್ನು ಗಮನಿಸಬೇಕು: ಒಂದು ಪಂಚಾಯಿತಿಗೆ ಒಂದೇ ಒಕ್ಕೂಟ. ಹಾಗಾಗಿ ಹಲವು ಅರ್ಜಿಗಳ ನಡುವೆ ಆಯ್ಕೆ ಎಂಬುದೇ ಇಲ್ಲ. ಯಾರಿಗೆ ಕೊಡಬೇಕೆಂದು ಮೇಲಿನ ಇಲಾಖೆ ತೀರ್ಮಾನಿಸಿ ಆಗಿದೆ. ಆಯ್ಕೆಯೇ ಇಲ್ಲದ ಕಡೆ ಪಕ್ಷಪಾತವನ್ನು ಪಡೆದವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲವೆಂದು ಪಕ್ಷಪಾತವೇ ಇಲ್ಲವೆನ್ನುವುದೂ ತಪ್ಪು. ನನ್ನ ವಾದ ಇಷ್ಟು: ಪಂಚಾಯಿತಿಯ ನಿಜವಾದ ತೀರ್ಮಾನ ಠರಾವಿನ ಷರತ್ತುಗಳಿಗೆ ಸರಿದಿದೆ. ಡೀಸೆಲ್ ಯಾರ ಲೆಕ್ಕ? ಗಾಡಿ ಕೆಟ್ಟರೆ ದುರಸ್ತಿ ಯಾರದು? ಮನೆಮನೆಯ ಬಳಕೆದಾರರ ಶುಲ್ಕ ಒಕ್ಕೂಟದ ಖಾತೆಗೋ ಪಂಚಾಯಿತಿ ಖಾತೆಗೋ? ಗೌರವಧನ ಯಾವ ತಿಂಗಳು ಬರುತ್ತದೆ? ಮೂರು ತಿಂಗಳು ತಡವಾದ ಗೌರವಧನವೂ ಒಂದು ತೀರ್ಮಾನವೇ. ಅದನ್ನು ಯಾವ ಸಭೆಯೂ ಅಂಗೀಕರಿಸಿರುವುದಿಲ್ಲ ಅಷ್ಟೆ.

ಹದಿನೈದನೇ ಹಣಕಾಸು ಆಯೋಗದ ನಿಯಮ ಈ ಎಳೆದಾಟವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. 2021ರಿಂದ 2026ರ ಅವಧಿಗೆ ಅನುದಾನದ ಶೇ. 60 ಭಾಗ ನೈರ್ಮಲ್ಯ ಮತ್ತು ಕುಡಿಯುವ ನೀರಿಗೆ ನಿರ್ಬಂಧಿತ. ಉಳಿದ ಶೇ. 40 ಮುಕ್ತ, ಆದರೆ ಅದನ್ನು ಸಂಬಳಕ್ಕಾಗಲಿ ಸಿಬ್ಬಂದಿ ವೆಚ್ಚಕ್ಕಾಗಲಿ ಬಳಸುವಂತಿಲ್ಲ. ಚಾಲಕಿಗೆ ಕೊಡುವುದನ್ನು ಸಂಬಳವೆಂದು ಬರೆಯಬೇಕೋ ನಿರ್ವಹಣಾ ವೆಚ್ಚವೆಂದು ಬರೆಯಬೇಕೋ ಎಂಬ ಒಂದು ಪದದ ಮೇಲೆ ಆಕೆಯ ತುತ್ತು ನಿಂತಿರಬಹುದು.

ಈ ವಾದಕ್ಕೆ ಮಿತಿಗಳಿವೆ. ಒಕ್ಕೂಟವನ್ನು ಕಟ್ಟಿದ್ದು ಸರ್ಕಾರವೇ ಆದ್ದರಿಂದ ಅದನ್ನು ಸ್ವತಂತ್ರ ಸೇವಾಸಂಸ್ಥೆ ಎನ್ನಬಹುದೇ ಎಂಬ ಆಕ್ಷೇಪ ಬಲವಾದದ್ದು. ಪೂರ್ಣ ಸ್ವತಂತ್ರ ಎನ್ನಲಾರೆ. ಆದರೆ ಅದಕ್ಕೆ ತನ್ನದೇ ಸದಸ್ಯರು, ಉಳಿತಾಯ, ಪದಾಧಿಕಾರಿಗಳು ಇದ್ದಾರೆ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುನ್ನಡೆಸಿದ ಸಹಕಾರ ಸಂಘವೂ ಸರ್ಕಾರ ಮಾಡಿದ ಕಾಯ್ದೆಯಡಿಯೇ ಹುಟ್ಟಿತು. ಎರಡನೆಯದಾಗಿ, ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರಿಗಿರುವುದರಿಂದ ಒಬ್ಬಳೇ ಹೆಣ್ಣುಮಗಳು ಸದಸ್ಯೆಯೂ ಸಂಘದವಳೂ ಆಗಿರಬಹುದು. ಆಗ ಷರತ್ತು ಹಾಕುವವರು ಒಂದು ಬದಿ, ಪಡೆಯುವವರು ಇನ್ನೊಂದು ಬದಿ ಎಂಬ ನನ್ನ ಚಿತ್ರ ಮಸುಕಾಗುತ್ತದೆ. ಮೂರನೆಯದಾಗಿ, 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಬಳಿಕ ಆಡಳಿತಾಧಿಕಾರಿಗಳ ಕೈಗೆ ಹೋದವು. ಗ್ರಾಮ ಪಂಚಾಯಿತಿಯ ಷರತ್ತುಗಳಿಗೆ ನಾನು ಕೊಡುವ ಈ ತೂಕ, ಮೇಲಿನ ಹಂತಗಳಲ್ಲಿ ಚುನಾಯಿತರಿಲ್ಲದ ಆ ಕಾಲಕ್ಕೆ ಮಾತ್ರ ಸಲ್ಲುವುದಿರಬಹುದು.

ಶುಲ್ಕದ ಮಾತಿನಲ್ಲಿ ನರಗುಂದಕ್ಕೆ ಬೇರೆಯೇ ನೆನಪಿದೆ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದದ್ದು, 1980ರ ಜುಲೈ 21ರಂದು ಗೋಲಿಬಾರ್ ಆದದ್ದು ಅಲ್ಲಿಯೇ. ಸೇವೆ ಕೈಗೆ ಸಿಗದೆ ಕರ ಕೇಳಿದರೆ ಏನಾಗುತ್ತದೆಂದು ಬಲ್ಲ ಸೀಮೆಯಲ್ಲಿ, ಕಸದ ಶುಲ್ಕ ವಸೂಲಿಗೆ ಬಾಗಿಲಿಗೆ ಬರುವವಳು ಪಂಚಾಯಿತಿ ನೌಕರಳಲ್ಲ, ಓಣಿಯ ಪರಿಚಿತ ಹೆಣ್ಣುಮಗಳು. ಈ ಪರಿಚಯ ವಸೂಲಿಯನ್ನು ಸುಗಮಗೊಳಿಸುತ್ತದೆಯೋ ಅಥವಾ ಪಂಚಾಯಿತಿ ಹೊರಬೇಕಾದ ಸಿಟ್ಟನ್ನು ಆಕೆಯ ಹೆಗಲಿಗೆ ದಾಟಿಸುತ್ತದೆಯೋ? ಮೂರೂ ತಾಲ್ಲೂಕುಗಳ ಠರಾವು ಪುಸ್ತಕಗಳನ್ನು ಒಕ್ಕೂಟಗಳ ನಗದು ಪುಸ್ತಕಗಳ ಪಕ್ಕದಲ್ಲಿಟ್ಟು, ಠರಾವಾದ ದಿನ ಮತ್ತು ಹಣ ಜಮೆಯಾದ ದಿನದ ನಡುವಿನ ಅಂತರವನ್ನು ಊರೂರಿಗೆ ಎಣಿಸಿದರೆ ಈ ಪ್ರಶ್ನೆಗೂ, ಮೇಲಿನ ನನ್ನ ವಾದಕ್ಕೂ ಪರೀಕ್ಷೆ ಆದೀತು.