ಅಳಿಯಕಟ್ಟು, ಹತ್ತಿರದ ಸಂಬಂಧ ಮತ್ತು ಜೀವಂತ ಅಂಗದಾನ

ಹರಿಹರರ ಅಭೇದವನ್ನು ಸಾರುವ ಶಂಕರನಾರಾಯಣ ಕ್ಷೇತ್ರವು ಕುಂದಾಪುರ ಸೀಮೆಯಲ್ಲಿದೆ. ಈ ಸೀಮೆಯ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಬಳಿಯೂ ಆಸ್ತಿಯ ಹಕ್ಕೂ ತಾಯಿಯ ಕಡೆಯಿಂದ ಬಂದವು. ಅಳಿಯಕಟ್ಟಿನ ಪ್ರಕಾರ ತಂದೆಯು ಬೇರೆ ಕುಟುಂಬದವನು, ಸೋದರಮಾವನು ತನ್ನ ಕುಟುಂಬದವನು. ಜೀವಂತ ಅಂಗದಾನದ ಕಾನೂನು ರೂಪುಗೊಂಡಾಗ ಈ ಸಂಬಂಧ ವ್ಯವಸ್ಥೆಗೆ ದೊರೆತ ಸ್ಥಾನವು ವಿಚಾರಾರ್ಹವಾಗಿದೆ.

ಅಳಿಯಸಂತಾನದ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಐತಿಹ್ಯವೂ ದೇಹದಾನದ ಕಥೆಯೇ ಆಗಿದೆ. ಕುಂಡೋದರನು ನರಬಲಿ ಬೇಡಿದಾಗ ಅರಸನ ಮಡದಿಯು ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿಯು ತನ್ನ ಮಗನನ್ನು ಒಪ್ಪಿಸಿದಳು. ಬದುಕುಳಿದ ಆ ಅಳಿಯನಿಗೇ ರಾಜ್ಯ ಸಂದಿತೆಂಬುದು ನಂಬಿಕೆ. ಇದನ್ನು ಇತಿಹಾಸವೆಂದು ಒಪ್ಪಲಾಗದಿದ್ದರೂ, ಸಂಕಟದಲ್ಲಿ ಒಡಲನ್ನು ಕೊಡುವವರೇ ಕುಟುಂಬದವರು ಎಂಬ ಭಾವನೆ ಇದರಲ್ಲಿ ಸ್ಪಷ್ಟವಾಗಿದೆ.

ಮದರಾಸು ಅಳಿಯಸಂತಾನ ಕಾಯಿದೆ (1949) ಹಾಗೂ ಹಿಂದೂ ಉತ್ತರಾಧಿಕಾರ ಕಾಯಿದೆ (1956) ಈ ಕಟ್ಟನ್ನು ಕ್ರಮೇಣ ಸಡಿಲಿಸಿದವು. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಪತಿ, ಪತ್ನಿ, ತಂದೆ, ತಾಯಿ, ಮಗ, ಮಗಳು, ಸೋದರ, ಸೋದರಿಯರನ್ನು ಮಾತ್ರ ಹತ್ತಿರದ ಸಂಬಂಧಿಗಳೆಂದು ಪರಿಗಣಿಸಿತು. 2011ರ ತಿದ್ದುಪಡಿಯು ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಸೋದರಮಾವನಿಗೂ ಅಳಿಯನಿಗೂ ಆ ಪಟ್ಟಿಯಲ್ಲಿ ಎಡೆ ದೊರೆಯಲಿಲ್ಲ. ಅಳಿಯನು ಮಾವನಿಗೆ ಮೂತ್ರಪಿಂಡ ನೀಡಬಯಸಿದರೆ, ಅಪರಿಚಿತನಂತೆ ಅವನೂ ಅಧಿಕಾರ ಸಮಿತಿಯ ಮುಂದೆ ತನ್ನ ಮಮತೆಯನ್ನು ರುಜುವಾತುಪಡಿಸಬೇಕು. ಅಳಿಯಕಟ್ಟು ಬೇರೆ ಕುಟುಂಬದವಳೆಂದು ತಿಳಿದ ಮಡದಿಯಾದರೋ ಕಾನೂನಿನ ದೃಷ್ಟಿಯಲ್ಲಿ ಅತಿ ಸಮೀಪದವಳು.

ದಾನದ ಹೊರೆ ಹೆಂಗಸರ ಮೇಲೆಯೇ ಹೆಚ್ಚಾಗಿ ಬಿದ್ದಿದೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಅಂಕಿಅಂಶಗಳಂತೆ 2023ರಲ್ಲಿ ದೇಶದ ಜೀವಂತ ದಾನಿಗಳಲ್ಲಿ ಸುಮಾರು ಶೇ. 63ರಷ್ಟು ಮಹಿಳೆಯರು. ಆದರೆ 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಮಹಿಳೆಯರಿಗೆ ದೊರೆತವು 6,945 ಮಾತ್ರ. ಗಂಡಸಿನ ದುಡಿಮೆಯನ್ನು ಮನೆಯ ಆಧಾರವೆಂದೂ ಹೆಂಗಸಿನ ತ್ಯಾಗವನ್ನು ಸಹಜವೆಂದೂ ಎಣಿಸುವ ಮನೋಭಾವವು ಇದರ ಹಿಂದಿನ ಒಂದು ಕಾರಣವಾಗಿದೆ.

ಅಳಿಯಕಟ್ಟು ಇದಕ್ಕೆ ಪರಿಹಾರವಾಗುತ್ತಿತ್ತೆಂದು ಹೇಳುವಂತಿಲ್ಲ. ಅಲ್ಲಿ ಸಂತತಿಯು ಹೆಣ್ಣಿನದಾದರೂ ಆಡಳಿತವು ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತು. ಐತಿಹ್ಯದಲ್ಲಿಯೂ ಬಲಿಯಾಗಬೇಕಿದ್ದ ಮಗನ ಇಚ್ಛೆಗಿಂತ ತಾಯಿಯ ತೀರ್ಮಾನಕ್ಕೇ ಪ್ರಾಧಾನ್ಯ. ದಾನಿಯು ಮಹಿಳೆಯಾಗಿದ್ದಲ್ಲಿ ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದೆ ಬೇರೊಬ್ಬರು ದೃಢೀಕರಿಸಬೇಕೆಂದು 2014ರ ನಿಯಮಗಳು ವಿಧಿಸಿವೆ. ಎರಡು ಕಟ್ಟುಗಳೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ನಿಯಮ ಕೇಳುತ್ತದೆ. ಮನೆಯವರೆಲ್ಲ ಒಂದು ಕಡೆ ನಿಂತಾಗ ಅವಳು ಬೇಡವೆನ್ನಬಲ್ಲಳೇ ಎಂಬುದರಿಂದಲೇ ಅದರ ಸಾರ್ಥಕತೆಯನ್ನು ಅಳೆಯಬೇಕಾಗಿದೆ.