ಯುವ ವಿಜ್ಞಾನಿಗೆ ಸಂಘದ ಬಲ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಮುಖ್ಯ ಶಿಕ್ಷಕರು ಕೇಳಿದರು. ನನಗೆ ಮೊದಲು ನೆನಪಾದದ್ದು ವಿಜ್ಞಾನದ ಕೊಠಡಿಯ ಮೂಲೆಯಲ್ಲಿದ್ದ ಮರದ ಬೀರು. ಅದರಲ್ಲಿ ಎರಡು ಬೀಕರು, ಒಂದು ಸ್ಪಿರಿಟ್ ದೀಪ, ತುದಿ ಮುರಿದ ಒಂದು ಪಿಪೆಟ್ಟು ಇದ್ದವು. ಅಷ್ಟರಲ್ಲೇ ನಮ್ಮ ಮೇಷ್ಟ್ರು ನನಗೆ ರಸಾಯನಶಾಸ್ತ್ರದ ರುಚಿ ಹತ್ತಿಸಿದರು. ಮುಂದೆ ಎಂ.ಎಸ್ಸಿ. ಮುಗಿಸಿ ಕಾಲೇಜು ಅಧ್ಯಾಪಕನಾದೆ. ಬುದ್ಧಿಯೂ ಶ್ರಮವೂ ಇದ್ದರೆ ಸಾಕು, ವಿಜ್ಞಾನದಲ್ಲಿ ಏನಾದರೂ ಸಾಧಿಸಬಹುದು ಎಂದು ಆಗ ನಂಬಿದ್ದೆ. ಅಷ್ಟೇ ಸಾಲದು ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು. ನಮ್ಮ ದೇಶದ ವಿಜ್ಞಾನದ ಚರಿತ್ರೆಯನ್ನು ನೋಡಿದರೂ ಇದೇ ಮಾತು ಸಿಗುತ್ತದೆ.

1876ರಲ್ಲಿ ಕಲ್ಕತ್ತೆಯ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು ದೇಣಿಗೆ ಕೂಡಿಸಿ ಭಾರತೀಯ ವಿಜ್ಞಾನ ಸಂವರ್ಧನ ಸಂಘವನ್ನು ಕಟ್ಟಿದರು. ಭಾರತೀಯರು ತಾವೇ ಸಂಶೋಧನೆ ಮಾಡಲು ಒಂದು ಜಾಗ ಬೇಕು ಎಂಬುದು ಅವರ ಆಸೆ. ಉಪನ್ಯಾಸಗಳು ನಡೆದವು, ಉಪಕರಣಗಳು ಬಂದವು. ಆದರೆ ಸಂಶೋಧನೆಗೆ ಬರುವವರೇ ವಿರಳವಾಗಿದ್ದರು. 1904ರಲ್ಲಿ ಸರ್ಕಾರ್ ತೀರಿಕೊಂಡರು.

ಮೂರು ವರ್ಷಗಳ ನಂತರ, 1907ರಲ್ಲಿ, ಹತ್ತೊಂಬತ್ತು ತುಂಬದ ತರುಣನೊಬ್ಬ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ. ಒಂದು ದಿನ ಬೌಬಜಾರ್ ಬೀದಿಯಲ್ಲಿ ಟ್ರಾಮಿನಲ್ಲಿ ಹೋಗುವಾಗ ಆ ಸಂಘದ ಬೋರ್ಡು ಕಣ್ಣಿಗೆ ಬಿತ್ತು. ಇಳಿದು ಬಾಗಿಲು ತಟ್ಟಿದ. ಅವರೇ ಸಿ.ವಿ. ರಾಮನ್. ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆ, ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೆ ಅಲ್ಲಿ ಪ್ರಯೋಗ ನಡೆಸಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದರೂ ಮತ್ತೆ ಅಲ್ಲಿಗೇ ಮರಳಿದರು. 1917ರಲ್ಲಿ ಒಳ್ಳೆಯ ಸಂಬಳದ ಕೆಲಸ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಅದೇ ಸಂಘದ ಪ್ರಯೋಗಾಲಯದಲ್ಲಿ. ಜೊತೆಗಿದ್ದವರು ತರುಣ ಕೆ.ಎಸ್. ಕೃಷ್ಣನ್. ಆ ದಿನವನ್ನೇ ನಮ್ಮ ಶಾಲೆಯಲ್ಲಿ ಪ್ರತಿವರ್ಷ ವಿಜ್ಞಾನ ದಿನವೆಂದು ಆಚರಿಸುತ್ತೇವೆ. ಸರ್ಕಾರ್ ಕಟ್ಟಿಟ್ಟ ಮನೆಗೆ ಬರಬೇಕಾದವರು ಅವರು ಹೋದ ಮೇಲೆ ಬಂದರು.

ಉಪಕಾರ ಪಡೆದ ರಾಮನ್ ತಾವೂ ಅಂಥದೊಂದು ಬಾಗಿಲು ತೆರೆದರು. 1933ರಲ್ಲಿ ಬೆಂಗಳೂರಿಗೆ ಬಂದು, ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಯ ಸಂಶೋಧನ ಪತ್ರಿಕೆಯೂ ಆ ವರ್ಷವೇ ಹೊರಟಿತು. ಇದರ ಬೆಲೆ ಎಷ್ಟೆಂದು ತಿಳಿಯಲು ಎರಡು ಹೆಸರು ಸಾಕು. ಮುಂದೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯಿ ಅವರ ವಿಶ್ವಕಿರಣಗಳ ಕುರಿತ ಮೊದಲ ಪ್ರಬಂಧ 1942ರಲ್ಲಿ ಆ ಪತ್ರಿಕೆಯಲ್ಲಿ ಬಂತು. ಅದೇ ಕಾಲದಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಅಣ್ಣಾ ಮಣಿ ಎಂಬ ತರುಣಿ ವಜ್ರ ಮತ್ತು ಮಾಣಿಕ್ಯ ಬೆಳಕನ್ನು ಹೊರಸೂಸುವ ಬಗೆಯನ್ನು ಕುರಿತು ಐದು ಪ್ರಬಂಧ ಪ್ರಕಟಿಸಿದರು. ಎಂ.ಎಸ್ಸಿ. ಆಗಿಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಆದರೆ ಅಚ್ಚಾದ ಪ್ರಬಂಧಗಳನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಮುಂದೆ ಅವರು ಹವಾಮಾನ ಇಲಾಖೆಯಲ್ಲಿ ದೇಶದ ಮಾಪನ ಉಪಕರಣಗಳನ್ನೇ ರೂಪಿಸಿದರು.

ಹಿರಿಯ ವಿಜ್ಞಾನಿಗಳ ಸಂಘಗಳಿದ್ದರೆ ಕಿರಿಯರಿಗೆ ತಾನಾಗಿಯೇ ಜಾಗ ಸಿಗುವುದಿಲ್ಲ. ಅದಕ್ಕೆಂದೇ ಬೆಂಗಳೂರಿನ ಅಕಾಡೆಮಿ 1983ರಿಂದ ಯುವ ಅಸೋಸಿಯೇಟ್‌ಗಳನ್ನು ಆರಿಸತೊಡಗಿತು. 2014ರಲ್ಲಿ ಯುವ ವಿಜ್ಞಾನಿಗಳದೇ ಆದ ರಾಷ್ಟ್ರೀಯ ಯುವ ವಿಜ್ಞಾನ ಅಕಾಡೆಮಿ ಹುಟ್ಟಿತು. ಬೆಂಗಳೂರು, ದೆಹಲಿ, ಪ್ರಯಾಗರಾಜದ ಮೂರು ಅಕಾಡೆಮಿಗಳು ಸೇರಿ ಕಾಲೇಜು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆಯ ಸಂಶೋಧನ ಫೆಲೋಶಿಪ್ ಕೊಡುತ್ತಿವೆ. ಆಯ್ಕೆಯಾದವರು ಒಬ್ಬ ವಿಜ್ಞಾನಿಯ ಬಳಿ ಎರಡು ತಿಂಗಳು ಇದ್ದು ಕೆಲಸ ಮಾಡಬಹುದು.

ಇನ್ನು ನನ್ನ ಮಾತು. ನಮ್ಮ ಸುತ್ತಲಿನ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇರುವುದನ್ನು ನೀವೆಲ್ಲ ಬಲ್ಲಿರಿ. ಕೊಳವೆಬಾವಿ ನೀರಿನ ಫ್ಲೋರೈಡು ಅದಕ್ಕೆ ಕಾರಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸೈಕಲ್ಲಿನಲ್ಲಿ ಊರೂರು ತಿರುಗಿ ನೀರು ತಂದು, ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. "ಸಂಬಳ ಬರ್ತದಲ್ಲ, ಯಾಕೆ ಸಾರ್ ಈ ಉಸಾಬರಿ?" ಎಂದವರೇ ಹೆಚ್ಚು. ತೋರಿಸಲು ಯಾರೂ ಇರಲಿಲ್ಲ. ಒಂಬತ್ತು ವರ್ಷ ಹಾಗೆಯೇ ಬರೆದೆ.

ನಲವತ್ತು ದಾಟಿದ ಮೇಲೆ ಆ ಬೇಸಿಗೆ ಫೆಲೋಶಿಪ್ಪಿನ ಸುದ್ದಿ ತಿಳಿಯಿತು. ಅರ್ಜಿ ಹಾಕಿದೆ, ಸಿಕ್ಕಿತು. ಅಲ್ಲಿನ ವಿಜ್ಞಾನಿಯೊಬ್ಬರು ನನ್ನ ನೋಟ್‌ಬುಕ್ಕನ್ನು ತಾಳ್ಮೆಯಿಂದ ತಿರುವಿ ಹಾಕಿ ಕೇಳಿದರು: "ಈ ನೀರು ಮಳೆಗಾಲಕ್ಕೆ ಮೊದಲು ತೆಗೆದದ್ದೋ, ಆಮೇಲೆಯೋ? ಬಾವಿಯ ಆಳ ಎಷ್ಟು?" ನಾನು ಎರಡನ್ನೂ ಬರೆದಿರಲಿಲ್ಲ. ಮಳೆ ಬಿದ್ದ ಮೇಲೆ ನೀರಿನ ಫ್ಲೋರೈಡು ಬದಲಾಗಬಹುದು. ಆಳದಿಂದ ಆಳಕ್ಕೂ ವ್ಯತ್ಯಾಸವಿರುತ್ತದೆ. ಇವಿಲ್ಲದೆ ಒಂದು ವರ್ಷದ ಅಂಕಿಯನ್ನು ಇನ್ನೊಂದು ವರ್ಷದ್ದರ ಜೊತೆ ಹೋಲಿಸಲಾಗದು. ಒಂಬತ್ತು ವರ್ಷದ ದುಡಿಮೆ ಬಹುಪಾಲು ವ್ಯರ್ಥವಾಗಿತ್ತು. ಅವರು ಬೈಯಲಿಲ್ಲ. "ಮೊದಲನೇ ವರ್ಷವೇ ಯಾರಾದರೂ ಕೇಳಬೇಕಿತ್ತು" ಎಂದಷ್ಟೇ ಹೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವರ್ಷ ಮೊದಲಿನಿಂದ ಶುರು ಮಾಡಿದೆ. ತಿಂಗಳು, ಆಳ ಎಲ್ಲ ಬರೆದೆ. ಆ ಅಂಕಿಗಳನ್ನು ನಮ್ಮ ಪಂಚಾಯಿತಿಗೆ ಕೊಟ್ಟಿದ್ದೇನೆ. ಆದರೆ ಕಳೆದ ಆ ವರ್ಷಗಳಲ್ಲಿ ಬೆಳೆದ ಮಕ್ಕಳ ಹಲ್ಲು ಮತ್ತೆ ಬೆಳ್ಳಗಾಗಲಿಲ್ಲ.

ರಾಷ್ಟ್ರೀಯ ಸಂಘಟನೆಗಳ ಪ್ರಯೋಜನ ಏನು ಎಂದು ಕೇಳಿದರೆ ನನ್ನ ಉತ್ತರ ಇಷ್ಟು: ರಾಮನ್‌ಗೆ ಅದು ಕೆಲಸ ಮಾಡಲು ಜಾಗ ಕೊಟ್ಟಿತು, ಅಣ್ಣಾ ಮಣಿಗೆ ಅಚ್ಚಿನ ಪುಟ ಕೊಟ್ಟಿತು, ನನಗೆ ಒಂದು ಪ್ರಶ್ನೆ ಕೊಟ್ಟಿತು. ನನಗೆ ಅದು ತಡವಾಗಿ ಸಿಕ್ಕಿದ್ದಕ್ಕೆ ಸಂಘಟನೆ ಇಲ್ಲದಿದ್ದುದು ಕಾರಣವಲ್ಲ. ಅದು ಇದೆಯೆಂದು ನನಗೆ ತಿಳಿಯದಿದ್ದುದು ಕಾರಣ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹೆಬ್ಬಾಗಿಲಿನ ಪಕ್ಕ ಒಂದು ಬೋರ್ಡು ಹಾಕಿಸೋಣ. ಇಂಥ ಫೆಲೋಶಿಪ್ಪುಗಳಿಗೆ ಅರ್ಜಿ ಕರೆದಾಗಲೆಲ್ಲ ಅದರ ಮೇಲೆ ಬರೆಸೋಣ. ಬರೆಸುವ ಖರ್ಚೂ ಕೆಲಸವೂ ನನಗಿರಲಿ. ನಮ್ಮೂರಿನಿಂದ ಕಾಲೇಜಿಗೆ ಹೋಗುವ ಮಕ್ಕಳು ಬೆಳಗಿನ ಬಸ್ಸಿಗೆ ಕಾಯುವುದು ಆ ಬಾಗಿಲಿನ ಎದುರಿಗೇ. ಯಾರಾದರೊಬ್ಬರ ಕಣ್ಣಿಗೆ ಅದು ಬಿದ್ದರೆ ಸಾಕು.