ಹಿತ್ತಲ ಕೋಳಿಯ ಜಡ್ಡು, ಒಂದಿಷ್ಟು ಇತಿಹಾಸ

"ತಮ್ಮಾ, ಕೆಂಪಿ ಯಾಕೋ ಮಬ್ಬ ಹಿಡದ ನಿಂತೈತಿ, ಸ್ವಲ್ಪ ನೋಡ ಬಾ."

ಅವ್ವ ಹಿತ್ತಲಿಂದ ಕೂಗಿದಾಗ ನಾನು ಕಂಪ್ಯೂಟರ್ ಮುಂದೆ ಕೂತು ವೀರಗಲ್ಲುಗಳ ಬಗ್ಗೆ ಏನೋ ಗೀಚುತ್ತಿದ್ದೆ. "ಬಂದೆ ಬಂದೆ" ಅಂದವನು ಎದ್ದು ಹೋಗಿದ್ದು ಅರ್ಧ ಗಂಟೆ ಬಿಟ್ಟು. ಆ ಅರ್ಧ ಗಂಟೆಯಿಂದ ಏನೂ ಬದಲಾಗುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೂ...

ಕೆಂಪಿ ನಮ್ಮ ಮನೆಯ ಜವಾರಿ ಹೇಂಟೆ. ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಅಂಗೈಯಗಲದ ಹಿತ್ತಲು. ಅದರಲ್ಲಿ ಒಂದು ನುಗ್ಗೆ ಗಿಡ, ನೀರು ಕಾಯಿಸುವ ಒಲೆ, ಐದು ಹೇಂಟೆ, ಒಂದು ಹುಂಜ. ಅಪ್ಪ ಹೋದ ಮೇಲೆ ಅವ್ವನಿಗೆ ಅವೇ ಮಾತಿನ ಜೊತೆಗಾರರು. ಎಂಟು ದಿನದ ಹಿಂದೆ ಸಂತೆಯಲ್ಲಿ ಚೆಂದ ಕಂಡಿತು ಅಂತ ನಾನೇ ಒಂದು ಬಿಳಿ ಹೇಂಟೆ ತಂದು, ನೇರವಾಗಿ ಉಳಿದವುಗಳ ಜೊತೆ ಬಿಟ್ಟಿದ್ದೆ. ಅದು ಮುದುಡಿ ಕೂತಿದ್ದನ್ನು ನೋಡಿ "ಬಿಸಲಿಗೆ ಹಂಗ ಆಗೈತಿ" ಅಂದುಕೊಂಡಿದ್ದೆವು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

ಕೆಂಪಿ ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಹಿಕ್ಕೆ ಹಸಿರು ನೀರಿನಂತೆ. ಅವ್ವ ಅದನ್ನು ಎತ್ತಿ ಬೇರೆ ತಂದು, ಒಲೆಯ ಬದಿ ಗೋಣಿಚೀಲ ಹಾಸಿ ಕೂಡಿಸಿ, ಮೇಲೆ ಬುಟ್ಟಿ ಡಬ್ಬ ಹಾಕಿದಳು. ಬೆಲ್ಲದ ನೀರನ್ನು ಬೆರಳಲ್ಲಿ ಅದ್ದಿ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟಳು. ನಾನು ಚಮಚದಿಂದ ಬಾಯಿಗೆ ಸುರಿಯಲು ಹೋದರೆ ಕೈ ಮೇಲೆ ಒಂದು ಬಿತ್ತು. "ಉಸಲ ಕೊಳವಿಗೆ ಹೋದ್ರ ಅದ ಗತಿ!" ಅಂತ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ, ಸುರಿದ ನೀರು ಸೀದಾ ಅಲ್ಲಿಗೇ ಇಳಿಯಬಹುದು. ಅವ್ವ ಓದಿದ್ದು ಮೂರನೇ ಇಯತ್ತೆ. ನಾನು ಎಂ.ಎ.!

ಸತ್ತ ಬಿಳಿ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಮೊದಲು ಕೇಳಿದ್ದು, "ಓಣ್ಯಾಗ ಕಾಗಿ ಏನರ ಸತ್ತಾವೇನ್ರಿ?" ಹಕ್ಕಿಜ್ವರದ ಅನುಮಾನಕ್ಕೆ ಈ ಪ್ರಶ್ನೆ. ಸತ್ತಿಲ್ಲ ಅಂದೆ. ಆದರೂ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರು. ಕೋಳಿಯನ್ನು ಕೊಯ್ದು, ಜಠರದ ಒಳಗೋಡೆಯ ಮೇಲಿನ ಕೆಂಪು ರಕ್ತದ ಚುಕ್ಕೆಗಳನ್ನು ತೋರಿಸಿ, "ಕೊಕ್ಕರೆ ರೋಗ ಅನ್ನಸತೈತಿ ಸರ, ರಾಣಿಖೇತ. ಇದಕ್ಕ ಔಷಧ ಇಲ್ಲ. ಬೆಚ್ಚಗಿಡ್ರಿ, ನೀರು ಕೊಡ್ರಿ, ಚೊಲೋ ಇದ್ದವನ್ನ ಬ್ಯಾರೆ ಮಾಡ್ರಿ" ಅಂದರು. ಅಂದರೆ ಅವ್ವ ಆಗಲೇ ಮಾಡಿದ್ದನ್ನೇ. (ಹಕ್ಕಿಜ್ವರ ಅಲ್ಲ ಅಂತ ಆಮೇಲೆ ಲ್ಯಾಬಿನಿಂದ ಬಂತು.)

ಮನೆಗೆ ಬಂದು ಹೇಳಿದರೆ ಅವ್ವನ ಪ್ರಶ್ನೆ, "ಅದ್ಯಾವ ರಾಣಿನೋ ಯಪ್ಪಾ, ನಮ್ಮ ಕೋಳಿ ಮ್ಯಾಲೆ ಬಂದಾಕಿ?"

ಇತಿಹಾಸದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡಲಾದೀತೇ? ಅವತ್ತು ರಾತ್ರಿ ಕೆಂಪಿಯ ಬುಟ್ಟಿ ಪಕ್ಕ ಕೂತೇ ಹುಡುಕಿದೆ.

ರಾಣಿಖೇತ ಉತ್ತರಾಖಂಡದ ಕುಮಾವೂ ಬೆಟ್ಟಗಳಲ್ಲಿರುವ ಒಂದು ದಂಡಿನ ಊರು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಹತ್ತಿರವೂ ಕೋಳಿಗಳು ಸಾಲುಸಾಲಾಗಿ ಸತ್ತವು. ಡಾಯ್ಲ್ ಎಂಬ ವಿಜ್ಞಾನಿ ಅದಕ್ಕೆ ನ್ಯೂಕ್ಯಾಸಲ್ ರೋಗ ಅಂತ ಹೆಸರಿಟ್ಟ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಾಣಿಖೇತದಲ್ಲೂ ಕಾಣಿಸಿಕೊಂಡ ರೋಗದ ಬಗ್ಗೆ ಮುಕ್ತೇಶ್ವರದ ವಿಜ್ಞಾನಿ ಎಡ್ವರ್ಡ್ಸ್ ಬರೆದ. ಎರಡೂ ಒಂದೇ ವೈರಸ್ಸಿನ ಕೆಲಸ. ಲೋಕಕ್ಕೆಲ್ಲ ಅದು ನ್ಯೂಕ್ಯಾಸಲ್, ನಮಗೆ ಮಾತ್ರ ರಾಣಿಖೇತ.

ಹಾಗಾದರೆ ಅದಕ್ಕೂ ಮೊದಲು ನಮ್ಮ ಕಡೆ ಈ ರೋಗ ಇತ್ತೋ ಇಲ್ಲವೋ? ಅವ್ವ ಹೇಳುವ ಪ್ರಕಾರ ಅವಳ ಅಜ್ಜಿಯ ಕಾಲದಲ್ಲೂ "ಬ್ಯಾಸಗಿ ಜಡ್ಡು" ಬಂದು ಒಂದೇ ವಾರದಲ್ಲಿ ಓಣಿಯ ಗೂಡುಗಳು ಖಾಲಿಯಾಗುತ್ತಿದ್ದವಂತೆ. ಅದು ಇದೇನಾ ಅಂತ ಯಾರು ಹೇಳಬೇಕು? ರೋಗ ಹುಟ್ಟಿದ ಊರಿಗೇ ಅದರ ಹೆಸರು ಸಿಗಬೇಕೆಂದಿಲ್ಲ, ನೋಡಿ ಬರೆಯುವವನು ಇದ್ದ ಊರಿಗೆ ಸಿಗುತ್ತದೆ. ರಾಣಿಖೇತದ ಆಸುಪಾಸಿನ ಬೆಟ್ಟದಲ್ಲೇ ಮುಕ್ತೇಶ್ವರದ ಪ್ರಯೋಗಶಾಲೆ ಇತ್ತು. ಹಳೇ ಹುಬ್ಬಳ್ಳಿಯ ಹಿತ್ತಲಲ್ಲಿ ಯಾರಿದ್ದರು?

ಆ ಪ್ರಯೋಗಶಾಲೆಯ ಕತೆಯೂ ಕೇಳುವಂಥದ್ದೇ. ಅದು ಶುರುವಾದದ್ದು 1889ರಲ್ಲಿ ಪುಣೆಯಲ್ಲಿ, ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಎಂಬ ಹೆಸರಿನಲ್ಲಿ. ಆಗ ನಮ್ಮ ಧಾರವಾಡ ಜಿಲ್ಲೆ ಇದ್ದದ್ದೂ ಅದೇ ಮುಂಬಯಿ ಪ್ರಾಂತದಲ್ಲಿ. 1893ರಲ್ಲಿ ಅದನ್ನು ಮುಕ್ತೇಶ್ವರಕ್ಕೆ ಒಯ್ದರು. ಸರ್ಕಾರದ ಚಿಂತೆ ಕೋಳಿಯದಲ್ಲ, ದನಗಳ ದೊಡ್ಡರೋಗದ್ದು. ದನ ಸತ್ತರೆ ಉಳುಮೆ ನಿಲ್ಲುತ್ತದೆ, ಕಂದಾಯ ನಿಲ್ಲುತ್ತದೆ. ಕುದುರೆ ಸತ್ತರೆ ದಂಡು ನಿಲ್ಲುತ್ತದೆ. ಕೋಳಿ ಸತ್ತರೆ? ಒಬ್ಬ ಹೆಂಗಸಿನ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಕಡಿಮೆಯಾಗುತ್ತದೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಆ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು. ರಾಣಿಖೇತ ಇನ್ನೂ ಹಿತ್ತಲಿಗೆ ಬರುತ್ತಲೇ ಇದೆ.

ಸರ್ಕಾರವನ್ನಷ್ಟೇ ಯಾಕೆ ಬಯ್ಯಬೇಕು, ನಾವು ಇತಿಹಾಸದವರೂ ಹಾಗೇ. ಅವತ್ತು ನಾನು ಬರೆಯುತ್ತಿದ್ದದ್ದು ಆತಕೂರಿನ ಕಲ್ಲಿನ ಬಗ್ಗೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುವ, 949-50ರ ಆ ಶಾಸನ ನಿಮಗೆ ಗೊತ್ತೇ ಇದೆ. ತಮಿಳುನಾಡಿನ ವಿಲ್ಲುಪುರಂ ಕಡೆಯ ಅರಸಲಾಪುರಂನಲ್ಲಿ ಕಾಳಗದ ಹುಂಜಕ್ಕೂ ಒಂದು ವೀರಗಲ್ಲಿದೆ. ಸಾಹಿತ್ಯಕ್ಕೆ ಬಂದರೆ ಜನ್ನನ 'ಯಶೋಧರ ಚರಿತೆ' (1209) ಇದೆ. ಅದರಲ್ಲಿ ಬಲಿಯಾಗುವುದು ಹಿಟ್ಟಿನ ಹುಂಜ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ಅದೇ ಕತೆಯನ್ನು 'ಹಿಟ್ಟಿನ ಹುಂಜ' ನಾಟಕ ಮಾಡಿದರು. ಕಾದಾಡಿದ ಹುಂಜ, ಬಲಿಯಾದ ಹುಂಜ, ಎಲ್ಲಾ ಹುಂಜಗಳೇ. ತತ್ತಿ ಇಟ್ಟು, ಕಾವಿಗೆ ಕೂತು, ಜಡ್ಡು ಬಂದು ಒಲೆ ಬದಿ ಸತ್ತ ಹೇಂಟೆಗೆ ಯಾರು ಕಲ್ಲು ನೆಡಿಸುತ್ತಾರೆ?

ಹಾಗಂತ ಜಡ್ಡಿನ ಕೋಳಿ ಮನುಷ್ಯನಿಗೆ ಏನೂ ಕಲಿಸಿಲ್ಲ ಅನ್ನಬೇಡಿ. 1879ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಕೋಳಿ ಕಾಲರಾದ ರೋಗಾಣುಗಳನ್ನು ಬೆಳೆಸುತ್ತಿದ್ದ. ಹಳಸಿದ ರೋಗಾಣುವನ್ನು ಚುಚ್ಚಿದ ಕೋಳಿಗಳು ಸಾಯಲಿಲ್ಲ. ಆಮೇಲೆ ತಾಜಾ ರೋಗಾಣು ಚುಚ್ಚಿದರೂ ಜಗ್ಗಲಿಲ್ಲ. ಪ್ರಯೋಗಶಾಲೆಯಲ್ಲಿ ರೋಗಾಣುವನ್ನು ದುರ್ಬಲಗೊಳಿಸಿ ಲಸಿಕೆ ಮಾಡುವ ವಿದ್ಯೆ ಶುರುವಾದದ್ದು ಹೀಗೆ, ಕೋಳಿಯ ಮೈಯಲ್ಲಿ.

ಇನ್ನೊಂದು ಕತೆ ಜಾವಾದ್ದು. 1890ರ ಸುಮಾರಿಗೆ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಅಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ. ಅವನ ಕೋಳಿಗಳು ಕಾಲು ಸೋತು ಬಿದ್ದವು, ಆಮೇಲೆ ತಾವಾಗಿಯೇ ಎದ್ದವು. ವಿಚಾರಿಸಿದರೆ, ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಅಕ್ಕಿಯ ಅನ್ನ ತಂದು ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು "ದಂಡಿನ ಅನ್ನ ಕೋಳಿಗೆ ಕೊಡಲ್ಲ" ಅಂದನಂತೆ. ಪಾಲಿಶ್ ಮಾಡದ ಅಕ್ಕಿ ತಿಂದ ಕೋಳಿಗಳು ಹುಷಾರಾದವು! ಇಂದು ನಾವು ಬಿ1 ಜೀವಸತ್ವ ಅನ್ನುವುದರ ದಾರಿ ತೆರೆದದ್ದು ಹೀಗೆ. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಂತು, ಕೋಳಿಗಳಿಗೆ ಏನು ಬಂತೋ ಗೊತ್ತಿಲ್ಲ.

ಈ ಕತೆ ಸುಮ್ಮನೆ ಹೇಳಲಿಲ್ಲ. ಮೂರನೇ ದಿನ ಕೆಂಪಿಯ ಕುತ್ತಿಗೆ ಹೊರಳಿತು. ತಲೆ ಬೆನ್ನ ಮೇಲೆ ತಿರುಗಿ, ಆಕಾಶ ನೋಡಿದ ಹಾಗೆ. ಬಿ1 ಕೊರತೆಯಾದರೂ ಕೋಳಿಯ ಕುತ್ತಿಗೆ ಹೀಗೇ ಹೊರಳಬಹುದು ಅಂತ ಓದಿ ನನಗೆ ಆಸೆ ಹುಟ್ಟಿತು. ಡಾಕ್ಟರನ್ನು ಕೇಳಿ ಬಿ ಕಾಂಪ್ಲೆಕ್ಸ್ ಹನಿ ತಂದೆ. "ಕೊಡ್ರಿ, ತಪ್ಪಿಲ್ಲ. ಆದ್ರ ಬಾಕಿ ಕೋಳಿನೂ ಸಾಯಾಕತ್ತಾವಂದ್ರ ಇದು ಬರೇ ಜೀವಸತ್ವದ ಮಾತಲ್ರಿ" ಅಂದರು. ಅವರ ಮಾತೇ ನಿಜವಾಯಿತು. ಹುಂಜ ಹೋಯಿತು. ಮರುದಿನ ಎರಡು ಹೇಂಟೆ ಹೋದವು. ಹಿತ್ತಲ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆ. ಅವ್ವ ಅಳಲಿಲ್ಲ. "ಮೊದಲ ಜಡ್ಡ ಕಂಡಕೂಡ್ಲೇ ಸಂತಿಗೆ ಒಯ್ದು ಮಾರಿಬಿಡತಿದ್ವಿ. ಯಾರ ಮನಿ ಗೂಡಿಗೆ ಏನ ಕಳಿಸಿದ್ವೋ" ಅಂದಳು ಅಷ್ಟೇ. ನಾನು ತಂದ ಬಿಳಿ ಕೋಳಿಯೂ ಹಾಗೇ ಯಾರೋ ಮಾರಿದ್ದಿರಬೇಕು.

ಹಾಗಾದರೆ ಇದಕ್ಕೆ ಲಸಿಕೆ ಇಲ್ಲವೇ? ಇದೆ! ಹೊಟ್ಟೆ ಉರಿಯುವುದು ಇಲ್ಲೇ. 1940ರ ದಶಕದಲ್ಲೇ ಮುಕ್ತೇಶ್ವರದವರು ಈ ವೈರಸ್ಸನ್ನು ಕಾವಿಟ್ಟ ತತ್ತಿಯೊಳಗೆ ಮತ್ತೆ ಮತ್ತೆ ಬೆಳೆಸಿ, ಸೌಮ್ಯಗೊಳಿಸಿ ಲಸಿಕೆ ಮಾಡಿದರು. ಕೋಳಿಯ ಮದ್ದು ಕೋಳಿಯ ತತ್ತಿಯಲ್ಲೇ! ಆ ಮುಕ್ತೇಶ್ವರ ತಳಿಯ ಲಸಿಕೆಯೇ ಇಂದಿನ ಆರ್-2ಬಿ. ಎಂಟು ವಾರ ದಾಟಿದ ಕೋಳಿಗೆ ಚುಚ್ಚುತ್ತಾರೆ. ಮೊದಲ ವಾರದ ಮರಿಗೆ ಇನ್ನೂ ಸೌಮ್ಯವಾದದ್ದು ಬೇರೆ ಇದೆ, ಕಣ್ಣಿಗೋ ಮೂಗಿಗೋ ಒಂದೇ ಹನಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲೂ ತಯಾರಾಗುತ್ತದೆ. ಆ ಸಂಸ್ಥೆಯೂ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಅಂತ ಹುಟ್ಟಿದ್ದು ದನಗಳ ದೊಡ್ಡರೋಗಕ್ಕಾಗಿಯೇ.

ತೊಡಕು ಏನಪ್ಪಾ ಅಂದರೆ, ಬಾಟಲಿ ಬರುವುದು ನೂರು, ಇನ್ನೂರು ಕೋಳಿಗೆ ಆಗುವಷ್ಟು. ತಣ್ಣಗೇ ಇಡಬೇಕು. ನೀರು ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಸಾವಿರ ಕೋಳಿಯ ಫಾರ್ಮಿನವನಿಗೆ ಇದು ಲೆಕ್ಕವೇ ಅಲ್ಲ. ಐದು ಕೋಳಿಯ ಅವ್ವ ಏನು ಮಾಡಬೇಕು? 1989ರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆಂದೇ ಗಿರಿರಾಜ ತಳಿ ಕೊಟ್ಟರು. ಕೋಳಿ ಹಿತ್ತಲಿಗೆ ಬಂತು, ಬಾಟಲಿ ಮಾತ್ರ ಫಾರ್ಮಿನ ಅಳತೆಯದ್ದೇ ಉಳಿಯಿತು. ಮದ್ದು ಹುಟ್ಟಿ ಎಂಟು ದಶಕ ದಾಟಿದ ಮೇಲೆ ನಮ್ಮ ಹಿತ್ತಲಲ್ಲಿ ನಾಲ್ಕು ಕೋಳಿ ಸತ್ತದ್ದಕ್ಕೆ ಕಾರಣ ಇಷ್ಟು ಸಣ್ಣದು.

ಕೆಂಪಿ ಸಾಯಲಿಲ್ಲ. ಕುತ್ತಿಗೆ ಹೊರಳಿಯೇ ಉಳಿಯಿತು. ಕಾಳಿಗೆ ಗುರಿ ಇಟ್ಟರೆ ಕೊಕ್ಕು ಬೇರೆಲ್ಲೋ ಬೀಳುತ್ತಿತ್ತು. ಅವ್ವ ತಿಂಗಳುಗಟ್ಟಲೆ ಜೋಳದ ನುಚ್ಚಿನ ಗಂಜಿ ಕೈಯಿಂದ ತಿನ್ನಿಸಿದಳು. ಅದನ್ನು ನೋಡುತ್ತಾ ಒಂದು ದಿನ ಕೇಳಿದೆ, "ಅವ್ವಾ, ಇಷ್ಟ್ಯಾಕ ಕಷ್ಟ ಪಡತಿ?"

"ನಿನ್ನ ಎಸ್ಸೆಲ್ಸಿ ಪರೀಕ್ಷಾ ಫೀ ಯಾರ ಕಟ್ಟಿದ್ರಂತ ಮಾಡಿ?" ಅಂದಳು. ಅಪ್ಪ ಅಂತಲೇ ನಾನು ತಿಳಿದಿದ್ದೆ. ಆ ವರ್ಷ ಅಪ್ಪನಿಗೆ ಕೆಲಸ ಇರಲಿಲ್ಲವಂತೆ. ತತ್ತಿ ಮಾರಿದ ರೊಕ್ಕ. ನಲವತ್ತು ವರ್ಷ ನನಗದು ಗೊತ್ತೇ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಊರೂರು ತಿರುಗಿ ಕಲ್ಲು ಓದಿದವನು ನಾನು.

ಉಳಿದ ಕತೆ ಚಿಕ್ಕದು. ರೋಗ ಪೂರ್ತಿ ಇಳಿದ ಮೇಲೆ, ಡಾಕ್ಟರು ಹೇಳಿದಷ್ಟು ದಿನ ಕಾದು, ಓಣಿಯಲ್ಲಿ ಮನೆಮನೆಗೆ ಹೋಗಿ ಎಣಿಸಿದೆ. ಹದಿನಾಲ್ಕು ಮನೆ, ಎಪ್ಪತ್ತೊಂದು ಕೋಳಿ. ಒಂದು ಬಾಟಲಿಗೆ ಸಾಕಲ್ಲ! ಎಲ್ಲರೂ ರೊಕ್ಕ ಕೂಡಿಸಿದೆವು. ಧಾರವಾಡದಿಂದ ಲಸಿಕೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಂದೆ. ಪಕ್ಕದವರು "ಐಸ್‌ಕ್ರೀಮೇನ್ರಿ?" ಅಂದರು, ಹ್ಹ ಹ್ಹ. ಸಂಜೆ ಕೋಳಿ ಗೂಡು ಸೇರುವ ಹೊತ್ತಿಗೆ ಪಶು ಆಸ್ಪತ್ರೆಯ ಸಿಬ್ಬಂದಿ ಬಂದು ಒಂದೂವರೆ ತಾಸಿನಲ್ಲಿ ಮುಗಿಸಿದರು. ಈಗ ಹೊಸ ಕೋಳಿ ತಂದರೆ ಮೂರು ವಾರ ಬೇರೆ ಗೂಡು, ಅದು ನಮ್ಮ ಓಣಿಯ ಕಾನೂನು.

ಒಂದು ಎಚ್ಚರಿಕೆ ಹೇಳಲೇಬೇಕು. ಒಂದೇ ಸಲ ಹಲವು ಕೋಳಿ ಸತ್ತರೆ ಮನೆಮದ್ದು ಅಂತ ಕೂರಬೇಡಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ದೇಶದಲ್ಲಿ ಮೊದಲ ಸಲ ಕಾಣಿಸಿತು. 2020ರಲ್ಲಿ ನಮ್ಮ ಹೆದ್ದಾರಿಯಲ್ಲೇ ಸಿಗುವ ಹರಿಹರದ ಬಳಿಯ ಬನ್ನಿಕೋಡಿಗೂ ಬಂತು. ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಜಡ್ಡಿನ ಕೋಳಿಯನ್ನು ಸಂತೆಗಂತೂ ಒಯ್ಯಲೇಬೇಡಿ.

ವೀರಗಲ್ಲಿನ ಲೇಖನ ಇನ್ನೂ ಅರ್ಧಕ್ಕೇ ನಿಂತಿದೆ. ಈ ನಡುವೆ ಅವ್ವ ಹೇಳುವುದನ್ನೇ ಬರೆದುಕೊಳ್ಳುತ್ತಿದ್ದೇನೆ: ಯಾವ ವರ್ಷ ಜಡ್ಡು ಬಂತು, ಎಷ್ಟು ಹೋದವು, ತತ್ತಿಗೆ ಎಷ್ಟು ಸಿಗುತ್ತಿತ್ತು, ಆ ರೊಕ್ಕದಲ್ಲಿ ಏನು ಕೊಂಡಳು. ನಿಮ್ಮ ಮನೆಯಲ್ಲೂ ಅವ್ವನೋ ಅಜ್ಜಿಯೋ ಇದ್ದರೆ ಇವತ್ತೇ ಕೇಳಿ, ಕೇಳಿದ್ದನ್ನು ಬರೆದಿಡಿ.

ಅಗೋ, ಅವ್ವ ಕರೆಯುತ್ತಿದ್ದಾಳೆ. ಈ ಸಲ ಕೂಡಲೇ ಎದ್ದು ಹೋಗುತ್ತೇನೆ. ಬರಲೇ?